ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಚೊಂಬು ನೀರು: ನನ್ನ ಅನುಭವ

ನನಗೀಗ 67. ಕೊಡಗಿನ ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ನೀರು ಕುಡಿದು ತೂಕ ಇಳಿಸ್ತೀನಿ ಅಂದಾಗ ಮನೆಯವರಾಗಲಿ ಸ್ನೇಹಿತರಾಗಲಿ ನಂಬಲಿಲ್ಲ. ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬದ ಹೊತ್ತಿಗೆ 84 ಕಿಲೋ ಇದ್ದೆ. ಈಗ ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲಿನ ಹೂಮಳೆ ಬೀಳುವಾಗ 78ರ ಆಸುಪಾಸು. ಮೊಣಕಾಲು ಹಿಡಿಯದೆ ತೋಟದ ಏರು ಹತ್ತುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಾಳು ಮಾಡಿಕೊಂಡಿದ್ದನ್ನು ಹೇಳಿಬಿಡ್ತೀನಿ. ತೂಕ ಇಳಿಸುವ ಪುಡಿ ತಿಂಗಳಿಗೆ ಸುಮಾರು 2,800 ರೂಪಾಯಿಯಂತೆ ಮೂರು ತಿಂಗಳು ತಂದೆ. ಎರಡು ಕಿಲೋ ಇಳಿಯಿತು, ಪುಡಿ ಬಿಟ್ಟ ಮೇಲೆ ಮೂರು ಕಿಲೋ ಏರಿತು. ಆ ದುಡ್ಡಲ್ಲಿ ತೋಟಕ್ಕೆ ಗೊಬ್ಬರ ಬರುತ್ತಿತ್ತು. ಆಮೇಲೆ ಊಟದ ಮಧ್ಯೆ ನೀರು ಕುಡಿದು ನೋಡಿದೆ. ಏನೂ ಆಗಲಿಲ್ಲ, ರೊಟ್ಟಿ ಸಲೀಸಾಗಿ ಇಳಿಯಿತು ಅಷ್ಟೇ.

ಮೂರನೇ ಸಲ ಮಾಡಿದ್ದು ದೊಡ್ಡ ತಪ್ಪು. ಜಾಸ್ತಿ ಕುಡಿದರೆ ಜಾಸ್ತಿ ಇಳಿಯುತ್ತೆ ಅಂದುಕೊಂಡು ದಿನಕ್ಕೆ ನಾಲ್ಕೂವರೆ ಲೀಟರ್ ಹಾಕಿದೆ. ಜುಲೈ ತಿಂಗಳು, ಹೊರಗೆ ಬಿಡದೆ ಮಳೆ, ಬೆವರೇ ಇಲ್ಲ. ರಾತ್ರಿ ಐದು ಸಲ ಎದ್ದೆ. ಹತ್ತನೇ ದಿನ ತಲೆ ಸುತ್ತಿ ಒಲೆ ಪಕ್ಕ ಕುಳಿತುಬಿಟ್ಟೆ. ರಕ್ತ ಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಕಡಿಮೆ ಬಂತು. ನಾನು ಬಿಪಿಗೆ ತೆಗೆದುಕೊಳ್ಳುತ್ತಿದ್ದ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯೂ ಅದಕ್ಕೆ ಕಾರಣವಾಗಿತ್ತು. ಡಾಕ್ಟರು ಮಾತ್ರೆ ಬದಲಾಯಿಸಿದರು. ಹೃದಯ, ಕಿಡ್ನಿ ತೊಂದರೆ ಇದ್ದವರು, ಇಂಥ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಲೇಬೇಡಿ.

ದಾರಿ ಸಿಕ್ಕಿದ್ದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. 55ರಿಂದ 75 ವರ್ಷದ 48 ಜನ, 12 ವಾರ. ಎಲ್ಲರಿಗೂ ಕಡಿಮೆ ಊಟ. ಒಂದು ಗುಂಪು ಮಾತ್ರ ಮೂರೂ ಹೊತ್ತು ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿಯಿತು. ಅವರು ಸುಮಾರು ಎರಡು ಕಿಲೋ ಹೆಚ್ಚು ಇಳಿದರು. ನೀರೊಂದೇ ಅಲ್ಲ, ತಟ್ಟೆಯೂ ಸಣ್ಣದಾಗಬೇಕು ಅಂತ ನನಗೆ ಅಲ್ಲಿ ಹೊಳೆಯಿತು.

ಹಳೇ ಸ್ಟೀಲ್ ಚೊಂಬಿನ ಒಳಗೆ ಅರ್ಧ ಲೀಟರಿಗೆ ಮೊಳೆಯಿಂದ ಗೀರು ಹಾಕಿದೆ. ಒರತೆ ನೀರು ಕುದಿಸಿ, ಬೆಚ್ಚಗಿರುವಾಗ ಕುಡಿಯೋದು. ಡಿಸೆಂಬರಿನ ಚಳಿಯಲ್ಲಿ ತಣ್ಣೀರು ಅರ್ಧ ಲೀಟರ್ ನನ್ನ ಕೈಲಿ ಆಗಲಿಲ್ಲ. ತೋಟಕ್ಕೆ ಒಯ್ಯಲು ಫ್ಲಾಸ್ಕ್ ತಂದೆ, 600 ಚಿಲ್ಲರೆ. ಒಟ್ಟು ಖರ್ಚು ಅಷ್ಟೇ. ಗಟಗಟ ಕುಡಿಯಬಾರದು, ಹತ್ತು ನಿಮಿಷ ತಗೊಳ್ಳಿ. ಬೆಳಿಗ್ಗೆ ಎಂಟಕ್ಕೆ ನೀರು, ಎಂಟೂವರೆಗೆ ತಿಂಡಿ. ನಾಲ್ಕು ಅಕ್ಕಿ ರೊಟ್ಟಿ ತಿನ್ನುತ್ತಿದ್ದವನಿಗೆ ಎರಡೂವರೆಗೇ ಸಾಕು ಅನಿಸತೊಡಗಿತು. ರಾತ್ರಿ ಊಟ ಏಳಕ್ಕೆ ತಂದೆ, ಇಲ್ಲದಿದ್ದರೆ ನಿದ್ದೆ ಕೆಡುತ್ತೆ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗಲ್ಲ, ಮಳೆಗಾಲದಲ್ಲಂತೂ ಗೊತ್ತೇ ಆಗಲ್ಲ. ಅದಕ್ಕೆ ಗಡಿಯಾರ ನೋಡಿ ಕುಡಿಯುತ್ತೇನೆ.

ತೂಕ ನೋಡಿದ್ದು ಕಾಫಿ ಹಣ್ಣು ತೂಗುವ ತಕ್ಕಡಿಯಲ್ಲಿ. ಬಾತ್‌ರೂಮಿನ ಸಣ್ಣ ತಕ್ಕಡಿ ಮೂರು ಸಲ ಹತ್ತಿದರೆ ಮೂರು ತೂಕ ತೋರಿಸುತ್ತಿತ್ತು. ಭಾನುವಾರ ಬೆಳಿಗ್ಗೆ ಆಳುಗಳ ಎದುರೇ ಹತ್ತುತ್ತಿದ್ದೆ. ಮೊದಲ ಮೂರು ವಾರ ಮುಳ್ಳು ಅಲ್ಲಾಡಲೇ ಇಲ್ಲ. ನಾಲ್ಕನೇ ವಾರ 83ಕ್ಕೆ ಬಂತು. ಆಮೇಲೆ ವಾರಕ್ಕೆ ಅರ್ಧ ಕಿಲೋ ಲೆಕ್ಕ.

ನಡುವೆ ನೀರಿಗೆ ಅರ್ಧ ಚಮಚ ಕಾಚಂಪುಳಿ, ಅಂದರೆ ನಮ್ಮ ಕಡೆಯ ಕಪ್ಪು ಹುಳಿ, ಹಾಕಿ ನೋಡಿದೆ, ಎರಡು ವಾರ. ಎದೆ ಉರಿ ಬಂತು, ತೂಕದಲ್ಲಿ ವ್ಯತ್ಯಾಸ ಇಲ್ಲ. ಕಾಚಂಪುಳಿ ಹಂದಿ ಮಾಂಸಕ್ಕೇ ಇರಲಿ. ಬೆಲ್ಲದ ಕಾಫಿ ಐದು ಲೋಟದಿಂದ ಎರಡಕ್ಕೆ ಇಳಿಸಿದ್ದೂ ಇದೇ ಹೊತ್ತಿಗೆ. ಒಂದೂವರೆ ಕಿಲೋ ಅದರದ್ದೇ ಇರಬೇಕು, ಸುಳ್ಳು ಹೇಳಲ್ಲ. 34 ವರ್ಷದ ಮಗನೂ ಒಂದು ತಿಂಗಳು ನನ್ನ ಜೊತೆ ನೀರು ಕುಡಿದ. ಅವನ ಊಟ ಒಂದು ತುತ್ತೂ ಕಡಿಮೆ ಆಗಲಿಲ್ಲ. ವಯಸ್ಸಾದವರ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತೆ, ಅದೇ ನಮಗೆ ಅನುಕೂಲ.

ಮದುವೆ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು) ಎದುರಿಗೆ ಬಂದಾಗ ಏನು ಮಾಡ್ತೀನಿ ಅಂತ ಎಲ್ಲರೂ ಕೇಳ್ತಾರೆ. ಅದು ನನ್ನ ಹತ್ತಿರವೇ ಇರಲಿ. ಕಳೆದ ಸೋಮವಾರದಿಂದ ನನ್ನ ಹೆಂಡತಿಯೂ ಶುರು ಮಾಡಿದ್ದಾಳೆ. ಅವಳದು ಸಣ್ಣ ಮೈ, ಅರ್ಧ ಲೀಟರ್ ಹಿಡಿಸಲಿಲ್ಲ. ಚೊಂಬಿನಲ್ಲಿ ನನ್ನ ಗೀರಿನ ಕೆಳಗೆ ಇನ್ನೊಂದು ಗೀರು ಹಾಕಿಕೊಟ್ಟಿದ್ದೇನೆ.