ಮಳೆಗಾಲದ ಕ್ಯಾಂಪಿಂಗ್‌ಗೆ ತಾಡಪತ್ರಿ ಮತ್ತು ಏಳು ಕೆಜಿ ಚೀಲ: ನನ್ನ ಅನುಭವ

ಜುಲೈ ತಿಂಗಳ ಸಹ್ಯಾದ್ರಿ ಮಳೆಯಲ್ಲಿ ಟೆಂಟ್ ಇಲ್ಲದೆ, ಬರೀ ತಾಡಪತ್ರಿ ಕಟ್ಟಿಕೊಂಡು, ಒಣ ಬಟ್ಟೆಯಲ್ಲಿ ಮಲಗಬಹುದು ಅಂತ ನಾನು ಹೇಳಿದಾಗ ಪುಣೆಯ ನಮ್ಮ ಟ್ರೆಕ್ಕಿಂಗ್ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಅದು ಲಾರಿಗೆ ಹೊದಿಸೋದು ಮಾರಾಯ" ಅಂದರು. ಕಳೆದ ಮಳೆಗಾಲದಲ್ಲಿ, ಲೋನಾವಾಲಾ ಹತ್ತಿರದ ರಾಜಮಾಚಿ ಕೋಟೆಯ ಬುಡದ ಊರು ಉಧೇವಾಡಿಯಲ್ಲಿ, ರಾತ್ರಿಯಿಡೀ ಮಳೆ ಹೊಡೆಯಿತು. ಪಕ್ಕದ ಅಂಗಳದಲ್ಲಿ ಟೆಂಟ್ ಹಾಕಿದ್ದವರು ನಡುರಾತ್ರಿ ಎದ್ದು ಊರಿನವರ ಪಡಸಾಲೆಗೆ ಹೋದರು. ನಾನು ಬೆಳಗಿನ ತನಕ ನಿದ್ದೆ ಮಾಡಿದೆ. ಈಗ ಅದೇ ಗೆಳೆಯರು ಸಾಮಾನಿನ ಪಟ್ಟಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಆನ್‌ಲೈನ್‌ನಲ್ಲಿ ಸುಮಾರು ಎರಡೂವರೆ ಸಾವಿರದ ಟೆಂಟ್ ತರಿಸಿದ್ದೆ. ಹೊಲಿಗೆಯ ಮೇಲೆ ಟೇಪ್ ಇರಲಿಲ್ಲ, ಒಂದೇ ಪದರದ ಬಟ್ಟೆ. ಫೈಬರ್ ಕೋಲು ಗಾಳಿಗೆ ಸೀಳಿತು. ಆಮೇಲೆ ಒಂಬತ್ತು ಸಾವಿರದ ಹತ್ತಿರ ಕೊಟ್ಟು ಎರಡು ಪದರದ ಒಳ್ಳೆ ಟೆಂಟ್ ತಗೊಂಡೆ. ಅದು ಸೋರಲಿಲ್ಲ, ನಿಜ. ಆದರೆ ಮಳೆಯಲ್ಲಿ ಹಾಕುವಾಗಲೇ ಒಳಪದರ ಒದ್ದೆಯಾಗುತ್ತದೆ, ಅದರ ಮೇಲೆ ನಮ್ಮ ಉಸಿರಿನ ಹಬೆ ಬೇರೆ. ಹೊರಗಿನ ಗಾಳಿಯೇ ನೀರು ಕುಡಿದು ನಿಂತಿರುವಾಗ ಆ ಹಬೆ ಎಲ್ಲಿಗೆ ಹೋಗಬೇಕು? ಬೆಳಿಗ್ಗೆ ಮಡಚಿದರೆ ತೂಕ ಒಂದು ಕೆಜಿ ಜಾಸ್ತಿ. ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಕೊಂಡವರು ಅದನ್ನು ಡಿಸೆಂಬರ್‌ನಲ್ಲಿ ಪವನಾ ಕೆರೆಯ ದಂಡೆಗೆ ಒಯ್ಯುತ್ತಾರೆ. ಅಲ್ಲಿಗೆ ಅದು ಸರಿಯಾದ ಸಾಮಾನೇ.

ತಾಡಪತ್ರಿಯ ಲಾಭ ಇಷ್ಟೇ: ಮೊದಲು ಚಾವಣಿ ಏಳುತ್ತದೆ, ಆಮೇಲೆ ಅದರ ಕೆಳಗೆ ಕೂತು ಚೀಲ ಬಿಚ್ಚುತ್ತೇವೆ. ಬೆಳಿಗ್ಗೆ ಎಲ್ಲವನ್ನೂ ಅದರ ಕೆಳಗೇ ತುಂಬಿ, ಕೊನೆಗೆ ಅದನ್ನು ಇಳಿಸುತ್ತೇವೆ. ಹಾಗಾಗಿ ಅದು ಯಾವತ್ತೂ ಚೀಲದ ಹೊರಗಿನ ಜೇಬಿನಲ್ಲೇ ಇರಬೇಕು.

ನನ್ನದು 10x12 ಅಡಿ, ಪುಣೆಯ ಬೊಹ್ರಿ ಆಳಿ ಪೇಟೆಯಲ್ಲಿ ತಗೊಂಡಿದ್ದು, ಏಳೆಂಟು ನೂರು ಆಗಿರಬೇಕು. ಅಂಗಡಿಯವರು 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕದ್ದು) ತಗೊಳ್ಳಿ, ಗಟ್ಟಿ ಅಂತಾರೆ. ಕೇಳಬೇಡಿ. ಈ ಅಳತೆಗೆ 200 ಅಂದರೆ ಎರಡು ಕೆಜಿ ದಾಟುತ್ತದೆ, 90 ಆದರೆ ಒಂದು ಕೆಜಿ. 90 ಸಾಕು, ಆದರೆ ಅದರ ಅಲ್ಯೂಮಿನಿಯಂ ಕಣ್ಣುಗಳನ್ನು ನಂಬುವಂತಿಲ್ಲ. ಜೋರು ಗಾಳಿಗೆ ಮೂರು ಕಣ್ಣು ಕಿತ್ತು ಬಂದವು. ಈಗ ಕಣ್ಣಿಗೆ ಹಗ್ಗ ಹಾಕುವುದೇ ಇಲ್ಲ. ಅಂಚಿನಿಂದ ಒಂದು ಗೇಣು ಒಳಗೆ ನುಣುಪಾದ ಸಣ್ಣ ಕಲ್ಲಿಟ್ಟು, ಅದರ ಮೇಲೆ ತಾಡಪತ್ರಿ ಮಡಚಿ, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿಯುತ್ತೇನೆ. ಮನೆಯಿಂದಲೇ ಗೋಲಿ ಒಯ್ದರೆ ಇನ್ನೂ ಸಲೀಸು.

ಹಗ್ಗದಲ್ಲೂ ಕಲಿಯುವುದು ಸಾಕಷ್ಟಿತ್ತು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಚಾವಣಿ ರಾತ್ರಿ ಹನ್ನೊಂದಕ್ಕೆ ಜೋತು ಬಿದ್ದು, ನಡುವೆ ನೀರು ತುಂಬಿಕೊಂಡು ಹೊಟ್ಟೆ ಬಿಡುತ್ತದೆ. ಅಗ್ಗದ ಹಳದಿ ಪಿಪಿ (ಪಾಲಿಪ್ರೊಪಿಲೀನ್) ಹಗ್ಗದಲ್ಲಿ ಗಂಟು ಜಾರುತ್ತದೆ. ಪಾಲಿಯೆಸ್ಟರ್ ತಗೊಳ್ಳಿ, ಮೂರು ಮಿಲಿಮೀಟರ್ ದಪ್ಪ ಸಾಕು. ಇನ್ನೊಂದು, ನೀರು ಹಗ್ಗದ ಮೇಲೆಯೇ ಹರಿದು ಒಳಗೆ ಬರುತ್ತದೆ. ಹಗ್ಗ ತಾಡಪತ್ರಿಯ ಒಳಗೆ ಹೋಗುವ ಮೊದಲೇ ಒಂದು ಬಟ್ಟೆ ಚಿಂದಿ ಕಟ್ಟಿ ಇಳಿಬಿಟ್ಟರೆ ನೀರು ಅದರಿಂದ ಕೆಳಗೆ ತೊಟ್ಟಿಕ್ಕುತ್ತದೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಒಂದೇ ಎಳೆತಕ್ಕೆ ಬಿಗಿಯಾಗುವ ನನ್ನ ಗಂಟು ಮಾತ್ರ ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಎರಡು ಟ್ರೆಕ್ಕಿಂಗ್ ಕೋಲು, ಎತ್ತರ ಮೂರೂವರೆ ಅಡಿ. ಆಗ ಒಳಗೆ ಏಳು ಅಡಿ ಅಗಲ ಸಿಗುತ್ತದೆ. ಗಾಳಿ ಜಾಸ್ತಿಯಾದರೆ ಇನ್ನೂ ತಗ್ಗಿಸಿ. ಮುಂಗಾರಿನ ಗಾಳಿ ನೈರುತ್ಯದಿಂದ ಬರುತ್ತದಲ್ವಾ, ಆ ಕಡೆಯ ಬಾಯಿಯನ್ನು ನೆಲದ ತನಕ ಇಳಿಸಿ ಮುಚ್ಚಬೇಕು. ಗೂಟಗಳಂತೂ ಸಹ್ಯಾದ್ರಿಯಲ್ಲಿ ಅರ್ಧಕ್ಕರ್ಧ ವ್ಯರ್ಥ. ಮೇಲೆ ನಾಲ್ಕು ಬೆರಳು ಕೆಸರು, ಕೆಳಗೆ ಕರಿಕಲ್ಲು. ಗೂಟ ಒಂದೋ ಬಾಗುತ್ತದೆ, ಇಲ್ಲಾ ಕಿತ್ತು ಬರುತ್ತದೆ. ದೊಡ್ಡ ಕಲ್ಲಿಗೆ ಹಗ್ಗ ಸುತ್ತಿ, ಮೇಲೆ ಇನ್ನೊಂದು ಕಲ್ಲು ಹೇರುತ್ತೇನೆ. ಕೆಳಗೆ ಹಾಸುವ ಪ್ಲಾಸ್ಟಿಕ್ ಚಾವಣಿಗಿಂತ ಎಲ್ಲಾ ಕಡೆ ಒಂದಡಿ ಚಿಕ್ಕದಿರಲಿ. ಅಂಚು ಹೊರಗೆ ಬಂದರೆ ಮಳೆನೀರನ್ನು ಅದೇ ಒಳಗೆ ತರುತ್ತದೆ.

ಇನ್ನು ಚೀಲ. ಮಳೆ ಕವರ್ ಮೇಲೆ ನನಗೆ ಒಂಚೂರೂ ನಂಬಿಕೆ ಇಲ್ಲ. ನೀರು ಬೆನ್ನಿನ ಕಡೆಯಿಂದ ಇಳಿದು ಕವರಿನ ತಳದಲ್ಲೇ ನಿಲ್ಲುತ್ತದೆ, ಚೀಲ ಅದರಲ್ಲಿ ನೆನೆಯುತ್ತಾ ಕೂರುತ್ತದೆ. ನಾನ್ನೂರು ರೂಪಾಯಿಯ ನನ್ನ ಕವರ್ ಗಾಳಿಗೆ ಹಾರಿ ಕಣಿವೆಗೆ ಹೋಯಿತು, ಹುಡುಕಲಿಲ್ಲ. ಅದರ ಬದಲು ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಒಂದರೊಳಗೆ ಒಂದು, ಎರಡು. ಎರಡಕ್ಕೂ ಸೇರಿ ಅರವತ್ತೋ ಎಪ್ಪತ್ತೋ ಕೊಟ್ಟ ನೆನಪು. ಮೊಣಕಾಲೂರಿ ಗಾಳಿ ಹೊರಗೆ ಹಾಕಿ, ಬಾಯಿ ತಿರುಚಿ, ಮಡಚಿ ಕಟ್ಟಬೇಕು. ಒಣಗಿರಬೇಕಾದ್ದೆಲ್ಲಾ ಒಳಗೆ, ಒದ್ದೆಯಾದರೂ ಪರವಾಗಿಲ್ಲ ಅನ್ನುವುದು ಹೊರಗೆ. ಮಲಗುವ ಬಟ್ಟೆ ಒಂದು ಜೊತೆ ಬೇರೆ. ಅದನ್ನು ಹಾಕಿಕೊಂಡು ಚಾವಣಿ ಬಿಟ್ಟು ಹೊರಗೆ ಕಾಲಿಡಬಾರದು, ಬೆಳಿಗ್ಗೆ ಮತ್ತೆ ಅದೇ ಒದ್ದೆ ಪ್ಯಾಂಟು. ಐದು ನಿಮಿಷ ಮೈ ನಡುಗುತ್ತದೆ, ನಡೆಯಲು ಶುರು ಮಾಡಿದರೆ ಸರಿಹೋಗುತ್ತದೆ.

ಹೊದೆಯಲು ಏನು ಅಂತ ಸುಮಾರು ಪ್ರಯೋಗ ಮಾಡಿದೆ. ಸೊಲ್ಲಾಪುರದ ಚಾದರ ಹತ್ತಿ, ನೀರು ಕುಡಿದರೆ ಎತ್ತಲಾಗದು. ಊರಿಂದ ಅಜ್ಜನ ಕಂಬಳಿ ತಂದೆ. ಒದ್ದೆಯಾದರೂ ಬೆಚ್ಚಗಿತ್ತು, ನಿಜಕ್ಕೂ ಒಳ್ಳೆ ವಸ್ತು, ಆದರೆ ಎರಡು ಕೆಜಿ ಮೇಲೆ. ಗರಿ ತುಂಬಿದ ಸ್ಲೀಪಿಂಗ್ ಬ್ಯಾಗ್ ನೆನೆದರೆ ಅದರ ಉಬ್ಬು ಇಳಿದುಹೋಗುತ್ತದೆ, ಆಮೇಲೆ ಶಾಖ ಎಲ್ಲಿಂದ? ಜುಲೈನಲ್ಲಿ ಅಲ್ಲಿ ರಾತ್ರಿ ಇಪ್ಪತ್ತು ಡಿಗ್ರಿ ಆಸುಪಾಸು. ಆರುನೂರು ಗ್ರಾಂನ ಫ್ಲೀಸ್ ಹೊದಿಕೆ, ಕೆಳಗೆ ಹತ್ತು ಮಿಲಿಮೀಟರ್ ಫೋಮ್ ಚಾಪೆ, ಅಷ್ಟೇ. ಸೊಳ್ಳೆ ಪರದೆ ಮರೆಯಬೇಡಿ.

ಒಲೆ ಇಲ್ಲ. ನಾನು ಪುಣೆ–ಲೋನಾವಾಲಾ ಲೋಕಲ್‌ನಲ್ಲಿ ಹೋಗುವವನು, ರೈಲಿನಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ಲೋನಾವಾಲಾದಿಂದ ಉಧೇವಾಡಿಗೆ ತುಂಗಾರ್ಲಿ ದಾರಿಯಲ್ಲಿ ಹದಿನೈದು ಕಿಲೋಮೀಟರ್ ನಡಿಗೆ ಬೇರೆ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗೊಜ್ಜವಲಕ್ಕಿಗೆ ಹುಣಸೆ ಪುಡಿ ಬೆರೆಸಿದ ಅವಲಕ್ಕಿಯ ತರಿ, ಇಷ್ಟೇ ನನ್ನ ಊಟ. ಆ ತರಿ ತಣ್ಣೀರಲ್ಲೇ ಅರ್ಧ ಗಂಟೆಗೆ ಅರಳುತ್ತದೆ. ರೊಟ್ಟಿ ಮಾತ್ರ ಮಳೆಗಾಲದಲ್ಲಿ ಮೆತ್ತಗಾಗಿ ರಬ್ಬರ್ ಆಗುತ್ತದೆ. ಪ್ಲಾಸ್ಟಿಕ್, ಕಾಗದ, ಬಟ್ಟೆ ಎಲ್ಲಾ ನೋಡಿದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಸರಿ, ಡಬ್ಬಿಯ ತಳದಲ್ಲಿ ನಾನು ಇನ್ನೇನೋ ಒಂದು ಇಡುತ್ತೇನೆ, ಆ ಗುಟ್ಟು ನನ್ನ ಹತ್ತಿರವೇ ಇರಲಿ. ಬಿಸಿ ಊಟ ಬೇಕಾದರೆ ಊರಿನ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಪಿಠ್ಲ ಭಾಕ್ರಿ, ಅಂದರೆ ಕಡಲೆಹಿಟ್ಟಿನ ಜುಣಕ ಮತ್ತು ರೊಟ್ಟಿ, ಮಾಡಿ ಕೊಡುತ್ತಾರೆ. ಅಂಗಳದಲ್ಲಿ ಕಟ್ಟಲು ಕೇಳಿಯೇ ಕಟ್ಟಿ, ಊಟಕ್ಕೂ ಜಾಗಕ್ಕೂ ದುಡ್ಡು ಕೊಡಿ.

ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿದ್ದೇನೆ: ನೀರು ಬಿಟ್ಟು ಏಳು ಕೆಜಿಗೆ ಸ್ವಲ್ಪ ಕಡಿಮೆ. ಹಳೆ ಚೀಲ ಹನ್ನೊಂದರ ಮೇಲಿತ್ತು. ತಾಡಪತ್ರಿ, ಹಗ್ಗ, ಹಾಸು, ಚಾಪೆ, ಪರದೆ, ಹೊದಿಕೆ ಎಲ್ಲಾ ಸೇರಿ ಮೂರು ಸಾವಿರದೊಳಗೆ ಮುಗಿದಿದೆ. ಕೋಲು, ಚೀಲ ಮೊದಲೇ ಇದ್ದವು.

ಮನೆಗೆ ಬಂದ ದಿನವೇ ತಾಡಪತ್ರಿಯನ್ನು ಗ್ಯಾಲರಿಯಲ್ಲಿ ಒಣಹಾಕಿ. ಒಣಗಿದ ಮೇಲೆ ದೀಪದ ಎದುರು ಹಿಡಿದು ನೋಡಿ, ಮಡಿಕೆ ಬಿದ್ದ ಕಡೆ ಸೂಜಿಮೊನೆಯಷ್ಟು ತೂತು ಕಾಣುತ್ತವೆ. ಎರಡೂ ಕಡೆ ಟೇಪ್ ಅಂಟಿಸಿ, ಮುಂದಿನ ಸಲ ಬೇರೆ ಜಾಗದಲ್ಲಿ ಮಡಚಿ.