ಕೆಚ್ಚಲು ಒರೆಸದೆ ಹಾಲು ಕರೀಬೇಡಿ
ಈಗಿನ ಹುಡುಗರು ಬೆಂಗಳೂರಿಂದ ಊರಿಗೆ ಬಂದ್ರೆ ಸೀದಾ ಕೊಟ್ಟಿಗೆಗೆ ನುಗ್ಗಿ ನೊರೆಹಾಲು ಲೋಟಕ್ಕೆ ಹಿಡಿದು ಹಾಗೇ ಕುಡೀತಾರೆ, ಅದನ್ನ ವಿಡಿಯೋ ಬೇರೆ ಮಾಡ್ಕೋತಾರೆ, ನೋಡಿದ್ರೆ ಮೈ ಉರಿಯತ್ತೆ. ಕಾಯಿಸಿ ಕುಡೀರೋ ಅಂದ್ರೆ ಸತ್ವ ಹೋಗತ್ತೆ ಅಜ್ಜಿ ಅಂತಾರೆ. ಯಾವ ಸತ್ವನೋ! ದನದ ಕರುಳಲ್ಲಿ ಇ.ಕೋಲಿ ಬ್ಯಾಕ್ಟೀರಿಯಾ ಇರತ್ತೆ, ಅದ್ರಲ್ಲಿ ಓ157 ಅನ್ನೋದೊಂದು ಜಾತಿ ದನಕ್ಕೆ ಏನೂ ಮಾಡಲ್ಲ, ಅದು ಚೆನ್ನಾಗೇ ಮೇಯ್ಕೊಂಡಿರತ್ತೆ, ಆದ್ರೆ ಸಗಣಿಯಿಂದ ನಮ್ಮ ಹೊಟ್ಟೆ ಸೇರಿದ್ರೆ ರಕ್ತಭೇದಿ, ಚಿಕ್ಕ ಮಕ್ಕಳಿಗಂತೂ ಕಿಡ್ನಿಗೇ ಬಂದ್ಬಿಡಬಹುದು.

ಕರೆಯೋರೂ ಅಷ್ಟೇ. ಕೆಚ್ಚಲಿಗೆ ಎರಡು ಸಲ ನೀರೆರಚಿ ಕೂತೇಬಿಡ್ತಾರೆ. ಮೆತ್ತಿದ ಸಗಣಿ ನೆನೆದು ತೊಟ್ಟಿನ ತುದಿಯಿಂದ ಹನಿ ಹನಿಯಾಗಿ ಪಾತ್ರೆಗೇ ಇಳಿಯತ್ತಲ್ರೀ! ನಮ್ಮತ್ತೆ ಹಳೇ ಪಂಚೆ ಹರಿದು, ಕುದಿಸಿ, ಬಿಸಿಲಲ್ಲಿ ಗರಿಗರಿ ಒಣಗಿಸಿ ಇಟ್ಟಿರೋರು, ಒಂದೊಂದು ದನಕ್ಕೆ ಎರಡೆರಡು ತುಂಡು. ಕರು ಕುಡಿಸಿ ಕಟ್ಟಿದ ಮೇಲೇ ತೊಳೀಬೇಕು, ಮುಂಚೆ ಅಲ್ಲ, ಕೈಗೆ ಹಿತವಾಗೋಷ್ಟು ಬಿಸಿನೀರಲ್ಲಿ ಒಂದು ತುಂಡು ಅದ್ದಿ ಒಂದೊಂದೇ ತೊಟ್ಟು ಮೇಲಿಂದ ಕೆಳಕ್ಕೆ ಉಜ್ಜಿ, ತುದೀಲಿರೋ ತೂತಿನ ಸುತ್ತ ಉಗುರಿನ ಮೇಲೆ ಬಟ್ಟೆ ಸುತ್ತಿ ಒರೆಸಿ, ಆಮೇಲೆ ಒಣ ತುಂಡಿಂದ ಒಂಚೂರೂ ಪಸೆ ಇಲ್ದಂಗೆ ಒರೆಸಬೇಕು. ಒಣಗಿದೆಯಾ ಅಂತ ಅತ್ತೆ ತಾವೇ ಬೆರಳಿಟ್ಟು ನೋಡೋರು, ತೇವ ಇದ್ರೆ ನನ್ನ ಎಬ್ಬಿಸಿ ಮತ್ತೆ ಒರೆಸ್ಸೋರು. ಮೊದಲ ಎರಡು ಧಾರೆ ಗರಟೆಗೆ ಹಿಂಡಿ ಚೆಲ್ಲಿ, ಕೈ ಸೋಪಲ್ಲಿ ತೊಳ್ದು ಆಮೇಲೆ ಪಾತ್ರೆ ಇಡಿ. ಆ ಬಟ್ಟೆನ ಅಡುಗೆಮನೆ ಬಟ್ಟೆ ಜೊತೆ ಒಗೀಬೇಡಿ ಮತ್ತೆ! ಇಷ್ಟೆಲ್ಲಾ ಮಾಡಿದ್ರೂ ಹಾಲು ಉಕ್ಕೋವರೆಗೂ ಕಾಯಿಸ್ಲೇಬೇಕು.

ಬಾವಿನೂ ನೋಡ್ಕೊಳ್ಳಿ. ಗೊಬ್ಬರದ ಗುಂಡಿ ಬಾವಿಗಿಂತ ಮೇಲ್ಗಡೆ ಬೇಡ, ಕೊಡಪಾನ ಹಗ್ಗ ಕೊಟ್ಟಿಗೆ ನೆಲಕ್ಕೆ ತಾಗಿಸಬೇಡಿ. ಕೆನಡಾದ ವಾಕರ್ಟನ್ ಅನ್ನೋ ಊರಲ್ಲಿ 2000ದ ಮೇ ತಿಂಗಳು ಜೋರು ಮಳೆಗೆ ದನದ ಗೊಬ್ಬರದ ನೀರು ಊರಿನ ಬಾವಿಗೆ ಸೇರಿ, ಕ್ಲೋರಿನ್ನೂ ಸರಿಯಾಗಿ ಹಾಕಿರ್ಲಿಲ್ಲ, ಎರಡು ಸಾವಿರಕ್ಕೂ ಜಾಸ್ತಿ ಜನ ಮಲಗಿದ್ರು, 7 ಜನ ತೀರ್ಕೊಂಡ್ರು. ಅಂಥಾ ದೇಶದಲ್ಲೇ ಹಿಂಗಾದ್ಮೇಲೆ ನಾವು ಮಳೆಗಾಲದಲ್ಲಿ ನೀರು ಕುದಿಸದೆ ಕುಡಿಯೋದಾ?

ಮಗುಗೆ ಭೇದೀಲಿ ರಕ್ತ ಕಂಡ್ರೆ ನಿಲ್ಲಿಸೋ ಮಾತ್ರೆ ನೀವೇ ತಂದು ನುಂಗಿಸಬೇಡಿ, ಓಆರ್‌ಎಸ್ ಗುಟುಕು ಗುಟುಕು ಕುಡಿಸ್ತಾ ಆಸ್ಪತ್ರೆಗೆ ಹೊರಡಿ, ಉಚ್ಚೆ ಕಮ್ಮಿ ಆಗಿದ್ರೆ ಅದನ್ನ ಡಾಕ್ಟರಿಗೆ ಮೊದಲು ಹೇಳಿ.