ತಪ್ಪು ಹೇಳಿ ಕಥೆ ಪಡೆದದ್ದು: ನನ್ನ ಅನುಭವ

ಬೈಲುಕುಪ್ಪೆಯ ಟಿಬೆಟನ್ ಹುಡುಗ ಸಂಶೋಧನೆಗೆ ಅಂತ, ಕಾಡಲ್ಲಿ ಜೇನು ಕೀಳೋ ಬುಡಕಟ್ಟಿನ ಜೇನುಕುರುಬರ ಬಾಯಿಕಥೆ ಸಂಗ್ರಹ ಮಾಡ್ತಾನಂತೆ ಅಂತ ಮೈಸೂರಿನ ಹಾಸ್ಟೆಲಿನಲ್ಲಿ ನಕ್ಕಿದ್ದವರಿಗೆ ಈಗ ಲೆಕ್ಕ ಒಪ್ಪಿಸುತ್ತೇನೆ. ಕೊನೆಯ ಆರೇಳು ತಿಂಗಳಲ್ಲಿ ಹತ್ತಿರಹತ್ತಿರ 34 ಗಂಟೆ ಧ್ವನಿಮುದ್ರಣ. ಅದರಲ್ಲಿ ಅರ್ಧವಾದರೂ ಚಿನ್ನ.

ಮೊದಲ ವರ್ಷ ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅರವತ್ತು ಚಿಲ್ಲರೆ ಪ್ರಶ್ನೆ ಟೈಪು ಮಾಡಿಸಿಕೊಂಡು ಹುಣಸೂರು ಕಡೆಯ ನಾಗಾಪುರಕ್ಕೆ ಹೋದೆ. ನಾಗರಹೊಳೆ ಕಾಡಿನಿಂದ ಎಬ್ಬಿಸಿ ತಂದವರನ್ನು ಕೂರಿಸಿದ ಜಾಗ ಅದು. 'ಯಾವ ಇಸವಿ?' ಅಂದರೆ 'ಕಬಿನಿ ನೀರು ನಿಲ್ಲೋಕೆ ಮುಂಚೆ' ಅನ್ನೋರು. ಅದನ್ನ ಕಬಿನಿ ಅಣೆಕಟ್ಟು ಮುಗಿದ 1974ಕ್ಕೆ ಹಿಂದೆ ಅಂತ ನಾನು ಬರೆದುಕೊಳ್ಳಬೇಕು. ಮಿಕ್ಕಿದ್ದಕ್ಕೆಲ್ಲ ಬರೀ 'ಊಂ'. ಆಮೇಲೆ ಇನ್ನೂ ದೊಡ್ಡ ದಡ್ಡತನ ಮಾಡಿದೆ. ಕಥೆಗೆ ಇನ್ನೂರು ರೂಪಾಯಿ ಅಂತ ಕೊಟ್ಟೆ. ಒಂದೇ ವಾರದಲ್ಲಿ ಕಥೆಗಳು ಮಳೆಗಾಲದ ಅಣಬೆ ಥರ ಎದ್ದವು. ಒಂದರಲ್ಲಿ ಟಿವಿ ಧಾರಾವಾಹಿಯ ಅತ್ತೆ ಕೂಡ ಬಂದಳು! ಬಸ್ಸು, ಊಟ, ಮಳೆಗೆ ನೆನೆದು ಕೆಟ್ಟ ರೆಕಾರ್ಡರು ಎಲ್ಲ ಸೇರಿ ಇಪ್ಪತ್ತೆಂಟು ಸಾವಿರದ ಹತ್ತಿರ ಹೋಯಿತು. ಅಷ್ಟೂ ಚಳಿಗಾಲದಲ್ಲಿ ಫುಟ್‌ಪಾತಿನ ಮೇಲೆ ಸ್ವೆಟರ್ ಮಾರಿದ ದುಡ್ಡು. 'ವಿಷಯ ಬದಲಾಯಿಸಪ್ಪ' ಅಂದರು ಗೈಡು.

ದಾರಿ ಸಿಕ್ಕಿದ್ದು ನನ್ನ ಹರಕು ಕನ್ನಡದಿಂದ. ಕಾಫಿ ತೋಟದ ಕೂಲಿ ಮುಗಿಸಿ ಜೀಪಿನಿಂದ ಇಳಿದ ಅಜ್ಜಿಯೊಬ್ಬರ ಜೊತೆ ಒಲೆ ಮುಂದೆ ಕೂತಿದ್ದೆ. ಮಾತಿಗೆ ಮಾತು ಬಂದು, ಹೆಜ್ಜೇನು ಪೊಟರೆಯಲ್ಲಿ ಕಟ್ಟುತ್ತಲ್ಲ ಅಂದುಬಿಟ್ಟೆ. ಅಜ್ಜಿ ಊದುಗೊಳವೆ ಕೆಳಗಿಟ್ಟು ಬಿದ್ದುಬಿದ್ದು ನಕ್ಕರು. 'ಪೊಟರೇಲಿರೋದು ತುಡುವೆ ಕಣ್ ಮಗ! ಹೆಜ್ಜೇನು ಎತ್ರದ್ ಮರದ್ ಕೊಂಬೇಲಿ ನೇತಾಕ್ಕೊಂಡಿರ್ತದೆ. ಇದೂ ಗೊತ್ತಿಲ್ದೆ ಏನ್ ಓದ್ದೆ?' ಅಲ್ಲಿಂದ ಶುರು. ಕತ್ತಲ ರಾತ್ರಿ, ಹೊಗೆ, ಮರ ಹತ್ತುವವನು ಹುಳುಗಳನ್ನ ಸಮಾಧಾನ ಮಾಡೋಕೆ ಹೇಳೋ ಹಾಡು. ಹಾಡುತ್ತಾ ಅವರ ಬಲಗೈ ತಾನಾಗೇ ಮೇಲೆ ಚಾಚಿ, ಇಲ್ಲದ ಕೊಂಬೆ ಹಿಡಿಯುತ್ತಿತ್ತು. ರೆಕಾರ್ಡರ್ ಹಾಕಿರಲಿಲ್ಲ, ನನ್ನ ಕರ್ಮ! ಮಾರನೇ ದಿನ ಹೋಗಿ ಕೇಳಿ, ಒಪ್ಪಿಸಿ, ಮತ್ತೆ ಹಾಡಿಸಿಕೊಂಡೆ. ಮೊದಲ ದಿನದ ಗತ್ತು ಬರಲಿಲ್ಲ.

ಅಂದಿನಿಂದ ಪ್ರಶ್ನೆ ಕೇಳೋದು ಬಿಟ್ಟೆ, ತಿದ್ದಲಿ ಅಂತ ಬೇಕಂತಲೇ ತಪ್ಪು ಹೇಳೋದು ಹಿಡಿದೆ. ಒಬ್ಬರ ತಪ್ಪನ್ನು ಇನ್ನೊಬ್ಬರ ಮುಂದೆ ಹೇಳಬಾರದು, ಜಗಳ ಹತ್ತಿಕೊಳ್ಳುತ್ತೆ. ಒಮ್ಮೆ ಹತ್ತಿಕೊಂಡಿತ್ತು, ಹದಿನೈದು ದಿನ ನಾನು ಅವರ ಹಾಡಿಯ (ಕೇರಿಯ) ಕಡೆ ತಲೆ ಹಾಕಲಿಲ್ಲ. ತೀರಾ ದಡ್ಡ ತಪ್ಪು ಹೇಳಿದರೆ ಹುಚ್ಚ ಅಂದುಕೊಳ್ತಾರೆ. ಎಂಥ ತಪ್ಪು, ಎಷ್ಟು ಹೊತ್ತಿನಲ್ಲಿ ಅನ್ನೋದನ್ನ ಇಲ್ಲಿ ಬರೆಯಲ್ಲ. ಪ್ರಬಂಧ ಒಪ್ಪಿಸೋವರೆಗೆ ಅದು ನನ್ನ ಹತ್ತಿರವೇ ಇರಲಿ. ದೇವರ ಹಾಡು ಬಂದಾಗ ಮಾತ್ರ ರೆಕಾರ್ಡರ್ ಆಫ್. ಅವರು ಹೇಳೋ ಮೊದಲೇ ನಾನೇ ಆರಿಸಿ ನೆಲದ ಮೇಲೆ ಇಡುತ್ತಿದ್ದೆ. ಬರೀ ಅದರಿಂದಲೇ ನಾಲ್ಕು ಮನೆ ಬಾಗಿಲು ತೆರೆದವು. ದುಡ್ಡಿನ ಬದಲು ಎಲೆಅಡಿಕೆ, ಸಕ್ಕರೆ, ಚಳಿಗೆ ಮಾರದೇ ಉಳಿದ ಸ್ವೆಟರು.

ನಡುವೆ ಒಂದು ಅಡ್ಡಕಸುಬು ಮಾಡಿದೆ. ಒಂದು ಫ್ಲಾಸ್ಕ್ ನಮ್ಮ ಬೆಣ್ಣೆ ಟೀ ಒಯ್ದೆ. ಅಜ್ಜಿ ಒಂದು ಗುಟುಕು ಕುಡಿದು ಒಲೆ ಪಕ್ಕದ ಬೂದಿಗೆ ಉಗಿದು, 'ಉಪ್ ಹಾಕವ್ರೆ! ನಿಮ್ಮನ್ನೂ ಕಾಡಿಂದ ಓಡ್ಸಿದ್ರಾ?' ಅಂದರು. ಕಾಡಲ್ಲ, ಗುಡ್ಡ ಅಂದೆ. ಆವತ್ತು ರೆಕಾರ್ಡಿಂಗ್ ಆಗಲಿಲ್ಲ, ಪೂರ್ತಿ ನಾನೇ ಮಾತಾಡಿದ್ದು.

ಅದೇ ಉಪಾಯವನ್ನ ನಮ್ಮ ಮನೆಯಲ್ಲೂ ನೋಡಿದೆ. ನಮ್ಮಜ್ಜಿ 1959ರಲ್ಲಿ ಚಿಕ್ಕ ಹುಡುಗಿಯಾಗಿ ಹಿಮ ದಾಟಿ ಬಂದವರು. ಬೇಕಂತಲೇ, ಬೇಸಿಗೆಯಲ್ಲಿ ಲಾರಿ ಹತ್ತಿ ಬಂದಿರಲ್ಲ ಅಂದೆ. ತಿದ್ದುತ್ತಾರೆ ಅಂತ ಫೋನಿನ ರೆಕಾರ್ಡರ್ ಒತ್ತಿ ಕಾಯುತ್ತಾ ಕೂತೆ. ಅಜ್ಜಿ ಜಪಮಣಿ ಎಣಿಸುತ್ತಲೇ, 'ಹೌದೇನೋ, ಲಾರಿಯೇ ಇರಬೇಕು' ಅಂದರು.